ಬ್ಯಾಸಿಲಿಸ್ಕ್ ತಂತ್ರಾಂಶ: ಕಾಳಿ ಅಳಿವೆಗೆ ಇಳಿಸಿದರೆ ಹೇಗೆ?

ನೀರಿನಂಥ ದ್ರವಗಳ ಹರಿವನ್ನು ಲೆಕ್ಕ ಹಾಕುವ ತಂತ್ರಾಂಶ ಬ್ಯಾಸಿಲಿಸ್ಕ್. ಅದರ ಜೊತೆಗೆ ಬರುವ ಉದಾಹರಣೆಗಳಲ್ಲಿ 2004ರ ಹಿಂದೂ ಮಹಾಸಾಗರದ ಸುನಾಮಿಯದೂ ಒಂದು. ಲೆಕ್ಕದ ಪ್ರದೇಶ 54 ಡಿಗ್ರಿ ಅಗಲದ ಚೌಕ; ನಡುಬಿಂದು ಪೂರ್ವ ರೇಖಾಂಶ 94, ಉತ್ತರ ಅಕ್ಷಾಂಶ 8. ಹಾಗಾಗಿ ಚೌಕದ ಪಶ್ಚಿಮದ ಅಂಚು 67 ಡಿಗ್ರಿಗೆ ಬೀಳುತ್ತದೆ, 74 ಡಿಗ್ರಿಯ ಕಾರವಾರ ಆರಾಮಾಗಿ ಒಳಗಿದೆ. ನೀರಿನ ಮಟ್ಟ ದಾಖಲಿಸುವ ಜಾಗಗಳ ಪಟ್ಟಿಯಲ್ಲಿ ಕೊಚ್ಚಿ ಉಂಟು, ಮರ್ಮಗೋವಾ ಉಂಟು. ಕಾರವಾರವನ್ನು ಒಂದೇ ಸಾಲಿನಲ್ಲಿ ಸೇರಿಸಬಹುದು. ಸೇರಿಸಿದ ಮೇಲೆ ಬರುವ ಅಂಕಿಯನ್ನು ನಂಬಬೇಕೇ ಎನ್ನುವುದು ಬೇರೆ ಮಾತು. ಒಂದೊಂದು ಹಂತಕ್ಕೂ ಚೌಕದ ಬದಿ ಎರಡು ಪಾಲಾಗುತ್ತದೆ; ಆ ಉದಾಹರಣೆಯ ಗರಿಷ್ಠ ಹಂತ 10, ಅಂದರೆ ಬದಿಗೆ 1024 ಭಾಗ. ಅತಿ ಸಣ್ಣ ಚೌಕವೂ ಸುಮಾರು 5.8 ಕಿಲೋಮೀಟರ್ ಅಗಲ. ಕಾರವಾರದ ಬೈತಖೋಲ, ಕೋಡಿಬಾಗ, ಕಾಳಿ ನದಿಯ ಬಾಯಿ, ಸದಾಶಿವಗಡ ಎಲ್ಲ ಸೇರಿ ಒಂದೆರಡು ಚೌಕದಲ್ಲಿ ಮುಗಿದುಹೋಗುತ್ತವೆ. ಸಾಗರಕ್ಕೆ ಬರೆದ ಈ ಲೆಕ್ಕವನ್ನು ಅಳಿವೆಯೊಳಗೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕೋಡಿಗಳವರೆಗೆ ತರಲು ಏನೇನು ಬೇಕು, ಎಲ್ಲೆಲ್ಲಿ ಎಡವುತ್ತದೆ ಎಂಬ ದೃಷ್ಟಿಯಿಂದ ಈ ವಿಮರ್ಶೆ.

ತಂತ್ರಾಂಶದ ಹಿನ್ನೆಲೆ ಚುಟುಕಾಗಿ. ಸ್ಟೆಫಾನ್ ಪೋಪಿನೆ ಮೊದಲು ನ್ಯೂಜಿಲೆಂಡಿನಲ್ಲಿದ್ದಾಗ ಗೆರಿಸ್ ಎಂಬ ತಂತ್ರಾಂಶ ಬರೆದರು. ಅದರ ಮುಖ್ಯ ಪ್ರಬಂಧ 2003ರದು. ಆಮೇಲೆ ಪ್ಯಾರಿಸ್‌ನಲ್ಲಿ ಅದೇ ವಿಚಾರವನ್ನು ಬುಡದಿಂದ ಹೊಸದಾಗಿ ಕಟ್ಟಿದ್ದು ಬ್ಯಾಸಿಲಿಸ್ಕ್. ಮುಕ್ತ ತಂತ್ರಾಂಶದ ಜಿಪಿಎಲ್ ಪರವಾನಗಿ, ದುಡ್ಡಿಲ್ಲ. ಗೆರಿಸ್‌ನಲ್ಲಿ ಸಮಸ್ಯೆಯನ್ನು ನಿಯತಾಂಕಗಳ ಕಡತವಾಗಿ ಬರೆಯಬೇಕಿತ್ತು. ಇಲ್ಲಿ ನೇರವಾಗಿ ಸಿ ಭಾಷೆಯಲ್ಲೇ ಬರೆಯುತ್ತೀರಿ; ಅದಕ್ಕೆ ನಾಲ್ಕಾರು ಹೊಸ ಪದಗಳನ್ನು ಸೇರಿಸಿ ‘ಬ್ಯಾಸಿಲಿಸ್ಕ್ ಸಿ’ ಎಂದಿದ್ದಾರೆ. ಎಲ್ಲ ಚೌಕಗಳನ್ನು ಸುತ್ತಲು ‘ಫಾರ್‌ಈಚ್’, ಇಂತಿಷ್ಟು ಹೊತ್ತಿಗೊಮ್ಮೆ ಕೆಲಸ ನಡೆಸಲು ‘ಇವೆಂಟ್’. ಸಿ ಗೊತ್ತಿದ್ದವರಿಗೆ ಇದು ಒಂದು ವಾರದ ಕಲಿಕೆ. ಗೊತ್ತಿಲ್ಲದವರು ಮೊದಲು ಸಿ ಕಲಿಯಬೇಕು, ಅಡ್ಡದಾರಿ ಇಲ್ಲ. ಒತ್ತಲು ಗುಂಡಿಯಾಗಲಿ ಆರಿಸಲು ಮೆನುವಾಗಲಿ ಇಲ್ಲಿಲ್ಲ.

ಇದು ಬಿಡಿಸುವುದು ಆಂಶಿಕ ಅವಕಲ (ಪಾರ್ಶಿಯಲ್ ಡಿಫರೆನ್ಷಿಯಲ್) ಸಮೀಕರಣಗಳನ್ನು. ನೇವಿಯರ್–ಸ್ಟೋಕ್ಸ್, ಎರಡು ದ್ರವಗಳ ಗಡಿ, ಮೇಲ್ಮೈ ಸೆಳೆತ, ಪಾಯ್ಸನ್, ವಿಸರಣ ಹೀಗೆ ಪಟ್ಟಿ ಉದ್ದವಿದೆ. ಕರಾವಳಿಯವರಿಗೆ ಮುಖ್ಯವಾದದ್ದು ಸ್ಯಾಂ-ವೆನಾಂ ಸಮೀಕರಣ: ನೀರಿನ ಆಳವನ್ನೂ, ಆಳದುದ್ದಕ್ಕೂ ಸರಾಸರಿ ಮಾಡಿದ ವೇಗವನ್ನೂ ಕೊಡುವಂಥದ್ದು.

ಜಾಲರಿಯ ಒಂದೊಂದು ಚೌಕವನ್ನು ಮನೆ ಎಂದು ಕರೆಯೋಣ, ಚೌಕಾಬಾರಾ ಆಡಿದವರಿಗೆ ಒಗ್ಗುವ ಮಾತು. ಒಂದು ಮನೆಯನ್ನು ನಾಲ್ಕಾಗಿ ಒಡೆಯಬಹುದು, ಆ ನಾಲ್ಕರಲ್ಲಿ ಯಾವುದನ್ನಾದರೂ ಮತ್ತೆ ನಾಲ್ಕಾಗಿ. ಪಕ್ಕಪಕ್ಕದ ಎರಡು ಮನೆಗಳ ನಡುವೆ ಒಂದು ಹಂತಕ್ಕಿಂತ ಹೆಚ್ಚು ಅಂತರ ಇರುವಂತಿಲ್ಲ. ಎಲ್ಲಿ ಒಡೆಯಬೇಕು ಎಂಬುದನ್ನು ನಿರ್ಧರಿಸುವ ಫಂಕ್ಷನ್ ‘ಅಡಾಪ್ಟ್ ವೇವ್‌ಲೆಟ್’. ಅದರ ಕೆಲಸ ಸರಳ. ನಾಲ್ಕು ಮರಿಮನೆಗಳ ಬೆಲೆಯನ್ನು ಸರಾಸರಿ ಮಾಡಿ ತಾಯಿಮನೆಗೆ ಕೊಡುತ್ತದೆ. ಆ ತಾಯಿಮನೆಗಳಿಂದ ಮರಿಗಳ ಬೆಲೆಯನ್ನು ಮತ್ತೆ ಅಂದಾಜು ಮಾಡುತ್ತದೆ. ಅಂದಾಜಿಗೂ ನಿಜ ಬೆಲೆಗೂ ಇರುವ ವ್ಯತ್ಯಾಸ ನೀವು ಕೊಟ್ಟ ಮಿತಿ ಮೀರಿದರೆ ಒಡೆಯುತ್ತದೆ; ಮಿತಿಯ ಮೂರನೇ ಎರಡು ಪಾಲಿಗಿಂತ ಕೆಳಗಿಳಿದರೆ ಕೂಡಿಸುತ್ತದೆ. ಮಟ್ಟ, ವೇಗದಂಥ ಲೆಕ್ಕದ ಅಳತೆಗಳನ್ನು ರಾಶಿ ಎನ್ನೋಣ; ಮಿತಿಯ ಮಾನ ಆಯಾ ರಾಶಿಯದೇ: ನೀರಿನ ಮಟ್ಟಕ್ಕೆ 0.01 ಎಂದರೆ ಒಂದು ಸೆಂಟಿಮೀಟರ್. ಯಾವ ಕಾರಣಕ್ಕೆ ಇಲ್ಲಿ ಒಡೆಯಿತು ಎಂದು ಕೇಳಿದರೆ ಉತ್ತರ ಸಿಗುತ್ತದೆ. ಈ ತಂತ್ರಾಂಶದ ದೊಡ್ಡ ಗುಣ ಇದೇ ಎನ್ನಬೇಕು.

ಅನುಸ್ಥಾಪನೆಗೆ ಉಬುಂಟು ಇದ್ದರೆ ಅರ್ಧ ಗಂಟೆಯ ಕೆಲಸ. ಮೇಕ್, ಗಾಕ್ ಮತ್ತು ಡಾರ್ಕ್ಸ್ ಎಂಬ ಸಲಕರಣೆಗಳನ್ನು ಹಾಕಿಕೊಳ್ಳಿ. ಮೂಲವನ್ನು ಡಾರ್ಕ್ಸ್‌ನಿಂದ ನಕಲು ಮಾಡಿ, ಇಲ್ಲವೇ ಗಂಟುಕಟ್ಟಿದ ಕಡತವನ್ನೇ ಇಳಿಸಿಕೊಳ್ಳಿ. ಸಿ ಭಾಷೆಯ ಕಂಪೈಲರ್ ಜಿಸಿಸಿಯ ಸಂರಚನಾ ಕಡತಕ್ಕೆ ಕೊಂಡಿ ಹಾಕಿ ‘ಮೇಕ್’ ಕೊಡಿ, ಮೂಲದ ಫೋಲ್ಡರಿನ ದಾರಿಯನ್ನು ಪರಿಸರ ಚರದಲ್ಲಿ ಬರೆಯಿರಿ. ವಿಂಡೋಸ್ ಯಂತ್ರದಲ್ಲಿ ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಮೂಲಕ ಮಾಡಿ. ನಿಮ್ಮ ಕಡತವನ್ನು ಕಂಪೈಲ್ ಮಾಡುವುದು ಜಿಸಿಸಿ ಅಲ್ಲ, ಕ್ಯೂಸಿಸಿ; ಅದು ಬ್ಯಾಸಿಲಿಸ್ಕ್ ಸಿಯನ್ನು ಸಾದಾ ಸಿಗೆ ಇಳಿಸಿ ಜಿಸಿಸಿಗೆ ಒಪ್ಪಿಸುತ್ತದೆ. ಈಚಿನ ಆವೃತ್ತಿಗಳಲ್ಲಿ ಕ್ಯೂಸಿಸಿ ಆಯಾಮಗಳನ್ನೂ ಪರೀಕ್ಷಿಸುತ್ತದೆ: ಮೀಟರಿಗೆ ಸೆಕೆಂಡನ್ನು ಕೂಡಿದರೆ ಕಂಪೈಲ್ ಹಂತದಲ್ಲೇ ತಕರಾರು. ಹಳೆ ಕೋಡ್ ತಂದವರಿಗೆ ಇದು ಕಿರಿಕಿರಿ, ಆ ಪರೀಕ್ಷೆಯನ್ನು ನಿಲ್ಲಿಸಿಡಲು ಆಯ್ಕೆಯಿದೆ. ಹೊಸಬರು ನಿಲ್ಲಿಸದೇ ಇರುವುದು ಒಳ್ಳೆಯದು.

ಈಗ ಕಾಳಿಗೆ ಬರೋಣ. ಬ್ಯಾಸಿಲಿಸ್ಕ್‌ಗೆ ಪ್ರದೇಶ ಚೌಕವಾಗಿರಬೇಕು. 25.6 ಕಿಲೋಮೀಟರ್ ಬದಿಯ ಚೌಕ ಹಾಕಿ, ಹತ್ತು ಕಿಲೋಮೀಟರ್ ಕಡಲ ಕಡೆ, ಉಳಿದದ್ದು ಒಳನಾಡಿನ ಕಡೆ ಬರುವಂತೆ ಮೂಲಬಿಂದು ಇಡಿ. ಈ ವಿಚಿತ್ರ ಅಂಕಿ ಏಕೆಂದರೆ ಹಂತಗಳು ಸುಲಭವಾಗಿ ಕೂರುತ್ತವೆ: ಹಂತ 5ಕ್ಕೆ 800 ಮೀಟರ್, 9ಕ್ಕೆ 50, 10ಕ್ಕೆ 25, 11ಕ್ಕೆ 12.5 ಮೀಟರ್. ಇಷ್ಟು ಸಣ್ಣ ಜಾಗಕ್ಕೆ ಅಕ್ಷಾಂಶ–ರೇಖಾಂಶ ಬೇಡ. ಯುಟಿಎಂ ಎಂಬ ನಕ್ಷೆ ಪದ್ಧತಿಯ 43ನೇ ವಲಯದ ಮೀಟರ್ ಅಳತೆಯಲ್ಲೇ ಕೆಲಸ ಮಾಡಿ. ಸುನಾಮಿ ಉದಾಹರಣೆಯನ್ನು ನಕಲು ಮಾಡಿ ತಿದ್ದುವವರು ಸಾಮಾನ್ಯವಾಗಿ ಮುಗ್ಗರಿಸುವುದು ಇಲ್ಲೇ. ಅದರಲ್ಲಿ ಕಾಲ ನಿಮಿಷದಲ್ಲಿದೆ, ಅದಕ್ಕಾಗಿ ಗುರುತ್ವವನ್ನು 9.81ಕ್ಕೆ 60ರ ವರ್ಗ ಗುಣಿಸಿ ಕೊಟ್ಟಿದ್ದಾರೆ. ಭೂಮಿಯನ್ನು ಗೋಳವೆಂದು ಲೆಕ್ಕ ಹಾಕುವ ಸಾಲುಗಳನ್ನು ಅಳಿಸಿ, ಕಾಲವನ್ನು ಸೆಕೆಂಡಿಗೆ ತಂದು, ಗುರುತ್ವವನ್ನು ಮಾತ್ರ ಹಾಗೇ ಬಿಟ್ಟರೆ ಅಲೆಗಳು ಅರವತ್ತು ಪಟ್ಟು ವೇಗದಲ್ಲಿ ಓಡುತ್ತವೆ. ಲೆಕ್ಕ ಕುಸಿಯುವುದಿಲ್ಲ, ತಪ್ಪಾಗಿ ಚೆಂದವಾಗಿ ನಡೆಯುತ್ತದೆ.

ಸಮಾನ ಜಾಲರಿ ಹಾಕಿದರೆ ಹಂತ 11ಕ್ಕೆ 41,94,304 ಮನೆಗಳು. ಅವುಗಳಲ್ಲಿ ದೊಡ್ಡ ಪಾಲು ಗುಡ್ಡದ ಮೇಲೆ, ನೀರು ಎಂದೂ ಹತ್ತದ ಕಡೆ. ಹೊಂದಿಕೊಳ್ಳುವ ಜಾಲರಿ ಬೇಕಾಗುವುದು ಇದಕ್ಕೇ. ಆದರೆ ಉದಾಹರಣೆಯ ವಿಧಾನವನ್ನೇ ಹಿಡಿದು ಹಂತ 5ರಿಂದ ಶುರು ಮಾಡಿದಿರೋ, ಕಾಳಿ ಮುಚ್ಚಿಹೋಯಿತು. ಅಳಿವೆಯ ಬಾಯಿ ಅರ್ಧ ಕಿಲೋಮೀಟರಿಗೂ ಮಿಕ್ಕಿದ್ದರೂ 800 ಮೀಟರಿನ ಮನೆಗೆ ಸಾಲದು. ಸದಾಶಿವಗಡದ ಬಂಡೆ, ಕೋಡಿಬಾಗದ ಮರಳು, ನಡುವಿನ ನೀರು ಮೂರೂ ಸರಾಸರಿಯಾಗಿ ತಳ ನೀರಿನ ಮಟ್ಟಕ್ಕಿಂತ ಮೇಲೇಳುತ್ತದೆ. ಬಾಯಿ ಮುಚ್ಚಿದ ಮೇಲೆ ಭರತಿ ಒಳಗೆ ಬರುವುದಿಲ್ಲ. ಭರತಿ ಬಾರದಿದ್ದರೆ ಒಳಗೆ ನೀರಿನ ಮಟ್ಟ ಅಲುಗುವುದಿಲ್ಲ. ಅಲುಗದ ಕಡೆ ಅಡಾಪ್ಟ್ ವೇವ್‌ಲೆಟ್ ಮನೆ ಒಡೆಯುವುದೂ ಇಲ್ಲ. ಇಡೀ ಲೆಕ್ಕ ಮುಗಿದರೂ ಎಲ್ಲೂ ದೋಷ ಸಂದೇಶ ಕಾಣುವುದಿಲ್ಲ, ಹಿನ್ನೀರು ಮಾತ್ರ ಕೆರೆಯಂತೆ ತಣ್ಣಗೆ ಕೂತಿರುತ್ತದೆ. ಸುನಾಮಿಗೆ ಹೇಳಿಮಾಡಿಸಿದ ಈ ತಂತ್ರ ಅಳಿವೆಯಲ್ಲಿ ಸೋಲುವುದಕ್ಕೆ ಕಾರಣ ಸ್ಪಷ್ಟ. ಸುನಾಮಿಯ ಅಲೆ ತಾನು ಬರುತ್ತಿದ್ದೇನೆಂದು ಸಾರಿಕೊಂಡು ಬರುತ್ತದೆ. ನಮ್ಮ ಕಡೆಯ ಕೋಡಿಗಳು ಹಾಗಲ್ಲ, ಮೊದಲು ದಾರಿ ಬಿಟ್ಟುಕೊಡಬೇಕು.

ಪರಿಹಾರವೆಂದು ತಳದ ಎತ್ತರವನ್ನೇ ಹೊಂದಾಣಿಕೆಯ ಪಟ್ಟಿಗೆ ಸೇರಿಸಿದರೆ ಇನ್ನೊಂದು ತೊಂದರೆ. ಗುಡ್ಡದ ಇಳಿಜಾರಿನ ಏರಿಳಿತ ನದಿತಳದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು, ಹಾಗಾಗಿ ಮನೆಗಳೆಲ್ಲ ಘಟ್ಟ ಹತ್ತಿ ಕೂರುತ್ತವೆ. ಕೆಲಸಕ್ಕೆ ಬರುವ ಉಪಾಯ ಇದು: ತಳದ ಎತ್ತರ ಮತ್ತು 3 ಮೀಟರ್, ಇವೆರಡರಲ್ಲಿ ಕಡಿಮೆಯದನ್ನು ತೆಗೆದುಕೊಳ್ಳುವ ಒಂದು ಹೊಸ ರಾಶಿ ಮಾಡಿ. ಅದರ ಕಣ್ಣಿಗೆ 3 ಮೀಟರಿನ ಮೇಲಿನ ಗುಡ್ಡವೆಲ್ಲ ಬೋಳು ಬಯಲು, ಅಲ್ಲಿ ಜಾಲರಿ ತಾನೇ ಒರಟಾಗುತ್ತದೆ. ಕೋಡಿಗಳ ದಡ ಮಾತ್ರ ನಯವಾಗುತ್ತದೆ. ಈ ರಾಶಿಗೆ 25 ಸೆಂಟಿಮೀಟರ್ ಮಿತಿಯಿಂದ ಶುರು ಮಾಡಬಹುದು. ಅದಕ್ಕೂ ಮುಂಚೆ ಆರಂಭದ ಇವೆಂಟ್‌ನಲ್ಲೇ ‘ರಿಫೈನ್’ ಬಳಸಿ ನದಿಯ ಪಟ್ಟಿಯನ್ನು ಕೈಯಾರೆ ಗರಿಷ್ಠ ಹಂತಕ್ಕೆ ಒಡೆಯಿರಿ. ನೆಲದ ಎತ್ತರ ತುಂಬುವುದು, ಹೊಂದಿಸುವುದು, ಮತ್ತೆ ತುಂಬುವುದು, ಹೀಗೆ ಹೊಸ ಮನೆ ಒಡೆಯುವುದು ನಿಲ್ಲುವ ತನಕ ಸುತ್ತು ಹಾಕಿಸಿ ಆಮೇಲೆ ಕಾಲ ಶುರುವಾಗಲಿ.

ನೀರಿನ ಮಟ್ಟವೊಂದನ್ನೇ ನಂಬಬೇಡಿ. ಅಳಿವೆಯಲ್ಲಿ ಮಟ್ಟದ ವ್ಯತ್ಯಾಸ ನಿಧಾನವಾದದ್ದು, ಬಾಯಲ್ಲಿ ಸೆಳವು ಮಾತ್ರ ಹರಿತ. ವೇಗದ ಎರಡೂ ಘಟಕಗಳನ್ನು ಸೆಕೆಂಡಿಗೆ 5 ಸೆಂಟಿಮೀಟರ್ ಮಿತಿಯೊಡನೆ ಸೇರಿಸಿ. ಆದರೆ ತೆಳು ನೀರಿನಲ್ಲಿ ವೇಗವೆಂದರೆ ಹರಿವನ್ನು ಆಳದಿಂದ ಭಾಗಿಸಿದ ಫಲ. ಆಳ ಸೊನ್ನೆಯ ಬಳಿ ಬಂದರೆ ಆ ಬೆಲೆ ಕುಣಿಯುತ್ತದೆ, ಒದ್ದೆ–ಒಣ ಗೆರೆಯುದ್ದಕ್ಕೂ ಮನೆಗಳು ಇರುವೆಯಂತೆ ಮುತ್ತುತ್ತವೆ. ಆಳ 10 ಸೆಂಟಿಮೀಟರಿಗಿಂತ ಕಡಿಮೆ ಇರುವಲ್ಲಿ ವೇಗ ಸೊನ್ನೆ ಎಂದು ತೋರಿಸುವ ನಕಲು ರಾಶಿಯನ್ನು ಹೊಂದಾಣಿಕೆಗೆ ಕೊಟ್ಟರೆ ಸಾಕು, ಮೂಲ ವೇಗವನ್ನು ಮುಟ್ಟಬೇಡಿ. ರಾಶಿಗಳು ನಾಲ್ಕಿದ್ದರೆ ಮಿತಿಗಳೂ ನಾಲ್ಕೇ ಇರಬೇಕು. ಒಂದು ಕಡಿಮೆಯಾದರೆ ಸಿ ಭಾಷೆ ಕೇಳುವುದಿಲ್ಲ, ಪಕ್ಕದ ನೆನಪಿನಿಂದ ಏನೋ ಕಸ ಓದಿಕೊಂಡು ಮುಂದೆ ಹೋಗುತ್ತದೆ.

ಮನೆ ಒಡೆಯುವಾಗ ನೀರನ್ನು ಹಂಚುವ ಬಗೆ ಎರಡು. ಪೂರ್ವನಿಗದಿಯಲ್ಲಿ ನೀರಿನ ಗಾತ್ರ ಉಳಿಯುತ್ತದೆ. ಇದರಲ್ಲಿ ದಡದ ಬಳಿ ಮನೆ ಒಡೆದಾಗಲೆಲ್ಲ ನಿಂತ ನೀರಿಗೆ ಸಣ್ಣ ಉಬ್ಬು ಬಂದು ಸುಳ್ಳು ಅಲೆ ಹುಟ್ಟುತ್ತದೆ. ‘ಕನ್ಸರ್ವ್ ಎಲಿವೇಶನ್’ ಕರೆದರೆ ಮಟ್ಟ ಉಳಿಯುತ್ತದೆ, ನಿಂತ ನೀರು ನಿಂತೇ ಇರುತ್ತದೆ. ಬದಲಿಗೆ ದಡದ ಮನೆಗಳಲ್ಲಿ ಗಾತ್ರ ಕೊಂಚ ಹೆಚ್ಚುಕಡಿಮೆಯಾಗುತ್ತದೆ. ಭರತಿ–ಇಳಿತದ ಲೆಕ್ಕಕ್ಕೆ ಎರಡನೆಯದೇ ಸರಿ. ಗಾತ್ರ ಎಷ್ಟು ಸೋರಿತು ಎಂಬುದನ್ನು ಪ್ರತಿ ನೂರು ಹೆಜ್ಜೆಗೊಮ್ಮೆ ಒಟ್ಟು ಕೂಡಿ ಬರೆಸಿಡಿ.

ಅಘನಾಶಿನಿ ಅಳಿವೆಯ ಗಜನಿಗಳಿಗೆ ಇದೇ ತಂತ್ರಾಂಶ ಹಚ್ಚುವ ಆಸೆ ಯಾರಿಗಾದರೂ ಬಂದೀತು. ಕಗ್ಗ ಭತ್ತ ಬೆಳೆಯುವ ಆ ಬಯಲು, 2024ರಲ್ಲಿ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿ ಸೇರಿದ ಅಳಿವೆ, ಒದ್ದೆ–ಒಣ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕೇ? ಒದ್ದೆ–ಒಣದ ಮಟ್ಟಿಗೆ ಸ್ಯಾಂ-ವೆನಾಂ ಭಾಗ ಗಟ್ಟಿ. ಆಳ ಋಣವಾಗುವುದಿಲ್ಲ, ಏರುಪೇರು ತಳದ ಮೇಲೂ ನಿಂತ ನೀರು ಅಲುಗುವುದಿಲ್ಲ. ಸೋಲುವುದು ಒಡ್ಡಿನಲ್ಲಿ. ಎರಡು ಮೂರು ಮೀಟರ್ ಅಗಲದ ಮಣ್ಣಿನ ಒಡ್ಡು 12.5 ಮೀಟರಿನ ಮನೆಯಲ್ಲಿ ಸರಾಸರಿಯಾಗಿ ಕರಗುತ್ತದೆ. ಲೆಕ್ಕದಲ್ಲಿ ಪ್ರತಿ ಭರತಿಗೂ ಗಜನಿ ಮುಳುಗುತ್ತದೆ. ಒಡ್ಡಿನ ಗೆರೆ ಹಾದುಹೋಗುವ ಮನೆಗಳಲ್ಲಿ ತಳವನ್ನು ಒಡ್ಡಿನ ತಲೆಯೆತ್ತರಕ್ಕೆ ಏರಿಸಬೇಕು. ಒಮ್ಮೆ ಏರಿಸಿದರೆ ಸಾಲದು: ಮನೆ ಒಡೆದ ಕ್ಷಣ ನೆಲದ ಎತ್ತರವನ್ನು ತಂತ್ರಾಂಶ ಮೂಲ ದತ್ತಾಂಶದಿಂದ ಮತ್ತೆ ತುಂಬಿಕೊಳ್ಳುತ್ತದೆ, ನೀವು ಕಟ್ಟಿದ ಒಡ್ಡು ಸದ್ದಿಲ್ಲದೆ ಒಡೆಯುತ್ತದೆ. ಹಾಗಾಗಿ ಹೊಂದಾಣಿಕೆಯ ಇವೆಂಟ್ ಮುಗಿದ ಪ್ರತಿ ಸಲವೂ ಮತ್ತೆ ಏರಿಸಿ, ಜೊತೆಗೆ ಅಲ್ಲಿನ ನೀರಿನ ಮಟ್ಟವನ್ನೂ ಹೊಸ ತಳಕ್ಕೆ ಸರಿಮಾಡಿ. ಹಲಗೆ ಎತ್ತಿ ಇಳಿಸುವ ಗೇಟಿನ ಮಾದರಿಯನ್ನು ನೀವೇ ಬರೆದುಕೊಳ್ಳಬೇಕು.

ನೆಲದ ದತ್ತಾಂಶದ ಏರ್ಪಾಡು ಚೆನ್ನಾಗಿದೆ. ಪೂರ್ವ, ಉತ್ತರ, ಎತ್ತರ ಎಂದು ಮೂರು ಅಂಕಿಗಳ ಸಾಲುಗಳಿರುವ ಸಾದಾ ಕಡತವನ್ನು ಜೊತೆಗಿರುವ ಸಲಕರಣೆಯಿಂದ ಕೆಡಿಟಿ ಎಂಬ ಬಗೆಯ ಸಂಗ್ರಹವಾಗಿಸಿದರೆ, ಪ್ರತಿ ಮನೆಯೊಳಗೆ ಬೀಳುವ ಬಿಂದುಗಳನ್ನು ಅದೇ ಹುಡುಕಿ ತಳದ ಎತ್ತರ ಕಟ್ಟುತ್ತದೆ. ಮನೆಯೊಳಗೆ ಒಂದೂ ಬಿಂದು ಇಲ್ಲದಿದ್ದರೆ ತಾಯಿಮನೆಯಿಂದ ಅಂದಾಜು ತರುತ್ತದೆ. ಇದರ ಅರ್ಥವನ್ನು ಗಮನಿಸಿ: 15 ಆರ್ಕ್‌ಸೆಕೆಂಡಿನ, ಅಂದರೆ ಸುಮಾರು 460 ಮೀಟರ್ ಅಂತರದ, ಇಡೀ ಜಗತ್ತಿನ ಕಡಲಾಳದ ಸಂಗ್ರಹವಾದ ಜೆಬ್ಕೊದ ಆಳಗಳನ್ನು ಕೊಟ್ಟು 12.5 ಮೀಟರಿನ ಮನೆ ಕೇಳಿದರೆ ಸಿಗುವುದು ನಯವಾದ ಅಜ್ಞಾನ. ಅಳಿವೆಗೆ ಬೇಕಾದ್ದು ದೋಣಿಯಿಂದ ಅಳೆದ ಆಳ, ಇಲ್ಲವೇ ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿಯ ನಕ್ಷೆಯ ಆಳ.

ನಕ್ಷೆಯ ಆಳ ಬೆರೆಸುವಾಗ ಒಂದು ಕಂಟಕ ಉಂಟು. ಅದು ಅಳೆಯುವುದು ಇಳಿತದ ಕೆಳಮಟ್ಟಕ್ಕೆ ಹತ್ತಿರದ ನಕ್ಷಾಮಟ್ಟದಿಂದ, ನೆಲದ ಎತ್ತರ ಅಳೆಯುವುದು ಸರಾಸರಿ ಸಮುದ್ರಮಟ್ಟದಿಂದ. ಕಾರವಾರದಲ್ಲಿ ಇವೆರಡರ ನಡುವೆ ಒಂದು ಮೀಟರಿನ ಆಸುಪಾಸು ಅಂತರ. ಹುಣ್ಣಿಮೆ–ಅಮಾವಾಸ್ಯೆಯ ಭರತಿ–ಇಳಿತವೇ ಎರಡು ಮೀಟರಿನ ಆಸುಪಾಸು ಇರುವ ಕಡೆ ಒಂದು ಮೀಟರ್ ತಪ್ಪು ಹೊಕ್ಕರೆ ಕಾಂಡ್ಲಾ ಬಯಲೆಲ್ಲ ಸದಾ ಮುಳುಗಿರುತ್ತದೆ, ಇಲ್ಲವೇ ಎಂದೂ ಮುಳುಗುವುದಿಲ್ಲ. ಉಪಗ್ರಹದಿಂದ 30 ಮೀಟರಿಗೊಂದರಂತೆ ಅಳೆದ ಎತ್ತರಗಳಲ್ಲಿ ಇನ್ನೊಂದು ಮೋಸ: ಅವು ಮರದ ತಲೆಯನ್ನು ನೆಲವೆಂದು ಓದುತ್ತವೆ. ತೆಂಗಿನ ತೋಟ ಗುಡ್ಡವಾಗುತ್ತದೆ. ಬಾಯಿಯ ಮರಳದಿಣ್ಣೆಗಳು ಮಳೆಗಾಲಕ್ಕೊಮ್ಮೆ ಜಾಗ ಬದಲಿಸುತ್ತವೆ. ಕಾಳಿಯ ಹಳೆ ಸೇತುವೆ 2024ರ ಆಗಸ್ಟ್ 7ರಂದು ನದಿಗೆ ಕುಸಿದ ಮೇಲೆ ಅದಕ್ಕೂ ಮುಂಚಿನ ಆಳಗಳನ್ನು ಕಂಬಗಳ ಬಳಿ ನಂಬಿ ಕೂರುವಂತಿಲ್ಲ. ಬ್ಯಾಸಿಲಿಸ್ಕ್‌ನ ಮಿತಿಗಿಂತ ಮೊದಲು ಎದುರಾಗುವುದು ಈ ದತ್ತಾಂಶದ ಮಿತಿಯೇ.

ತಳದ ಘರ್ಷಣೆ ತಂತ್ರಾಂಶದ ಸ್ಯಾಂ-ವೆನಾಂ ಭಾಗದಲ್ಲಿ ತಾನಾಗಿ ಇಲ್ಲ, ಇವೆಂಟ್ ಆಗಿ ಬರೆಯಬೇಕು. ಉದಾಹರಣೆಯಲ್ಲಿರುವ ಗುಣಾಂಕ 0.0001, ಆಳ ಸಾಗರಕ್ಕೆ ಅದು ನಡೆಯುತ್ತದೆ. ಅಳಿವೆಗೆ ಮ್ಯಾನಿಂಗ್ ಸೂತ್ರದಿಂದ ತೆಗೆಯಿರಿ: ತಳದ ಒರಟುತನ ಹೇಳುವ ಮ್ಯಾನಿಂಗ್ ಅಂಕಿ 0.025 ಎಂದುಕೊಂಡರೆ 5 ಮೀಟರ್ ಆಳಕ್ಕೆ 0.0036, ಅರ್ಧ ಮೀಟರಿಗೆ 0.0077. ಉದಾಹರಣೆಯದಕ್ಕಿಂತ ಮೂವತ್ತಾರು ಪಟ್ಟು, ಎಪ್ಪತ್ತೇಳು ಪಟ್ಟು. ಹಾಗೇ ಬಿಟ್ಟರೆ ಭರತಿ ಒಳಗಿನ ತುದಿಯವರೆಗೂ ಸೊರಗದೆ ಓಡುತ್ತದೆ. ವೇಗವನ್ನು ಭಾಗಿಸುವ ಉದಾಹರಣೆಯ ವಿಧಾನವನ್ನು ಉಳಿಸಿಕೊಳ್ಳಿ; ತೆಳು ನೀರಿನಲ್ಲಿ ಅದು ಸಿಡಿಯುವುದಿಲ್ಲ.

ಅಂಚುಗಳಲ್ಲಿ ಪಶ್ಚಿಮಕ್ಕೆ ಕಡಲು, ಅಲ್ಲಿ ಅಲೆಗಳನ್ನು ಹೊರಗೆ ಹೋಗಬಿಡುವ ‘ರೇಡಿಯೇಶನ್’ ಷರತ್ತಿಗೆ ಭರತಿಯ ಮಟ್ಟವನ್ನು ಕೊಡುವುದು. ಎಡ ಅಂಚಿಗೆ ಋಣಚಿಹ್ನೆ, ಬಲಕ್ಕೆ ಧನ; ತಪ್ಪಿದರೆ ಕೆಲವೇ ಹೆಜ್ಜೆಗಳಲ್ಲಿ ಲೆಕ್ಕ ಹಳ್ಳ ಹಿಡಿಯುತ್ತದೆ. 12.42 ಗಂಟೆಯ ಚಂದ್ರಭರತಿಯೊಂದನ್ನೇ ಹಾಕಿ ನಿಲ್ಲಬೇಡಿ. ನಮ್ಮ ತೀರದಲ್ಲಿ ದಿನದ ಎರಡು ಭರತಿಗಳು ಸಮನಲ್ಲ, ಅದಕ್ಕೆ 23.93 ಮತ್ತು 25.82 ಗಂಟೆಯ ದಿನಭರತಿಗಳೂ ಬೇಕು. ಮಳೆಗಾಲಕ್ಕೆ ಕದ್ರಾ ಅಣೆಕಟ್ಟಿನ ಹೊರಹರಿವು ಸೇರಿಸಬೇಕಾದರೆ ನದಿ ಚೌಕದ ಪೂರ್ವದ ಅಂಚನ್ನು ಮುಟ್ಟುವಂತೆ ಮೂಲಬಿಂದು ಸರಿಸಿ, ಹರಿವಿನ ಕಡತದಿಂದ ಅಂಚಿನ ಮಟ್ಟ ಲೆಕ್ಕ ಹಾಕಿಸಿ. ಸುದ್ದಿಯಲ್ಲಿ ಬರುವುದು ಕ್ಯೂಸೆಕ್. 10,000 ಕ್ಯೂಸೆಕ್ ಎಂದರೆ ಸೆಕೆಂಡಿಗೆ 283 ಘನಮೀಟರ್.

ವೇಗದ ವಿಚಾರದಲ್ಲಿ ಒಂದು ಕೊರತೆ ಒಪ್ಪಲೇಬೇಕು. ಕಾಲದ ಹೆಜ್ಜೆ ಇಡೀ ಪ್ರದೇಶಕ್ಕೆ ಒಂದೇ, ಅದನ್ನು ನಿರ್ಧರಿಸುವುದು ಅತಿ ಬಿಗಿಯಾದ ಒಂದು ಮನೆ. 12.5 ಮೀಟರಿನ ಮನೆ, 6 ಮೀಟರ್ ಆಳ, ಸೆಕೆಂಡಿಗೆ 1 ಮೀಟರ್ ಸೆಳವು, ಹೆಜ್ಜೆಗೆ ಮಿತಿ ಹಾಕುವ ಗುಣಾಂಕ ಸಿಎಫ್‌ಎಲ್ 0.5: ಹೆಜ್ಜೆ 0.72 ಸೆಕೆಂಡ್. ಒಂದು ಭರತಿ–ಇಳಿತಕ್ಕೆ 62,000 ಹೆಜ್ಜೆ, ಅಮಾವಾಸ್ಯೆಯಿಂದ ಹುಣ್ಣಿಮೆಗೆ 17 ಲಕ್ಷಕ್ಕೂ ಮಿಕ್ಕಿ. ಇಂಥದೇ ಲೆಕ್ಕ ಮಾಡುವ ಜಿಯೋಕ್ಲಾ ತಂತ್ರಾಂಶದಲ್ಲಿ ಒರಟು ತುಂಡುಗಳು ದೊಡ್ಡ ಹೆಜ್ಜೆ ಇಡುತ್ತವೆ, ನಯವಾದವು ಮಾತ್ರ ಸಣ್ಣ ಹೆಜ್ಜೆ. ಇಲ್ಲಿ ಆ ರಿಯಾಯಿತಿ ಇಲ್ಲ. ಮೊದಲು ಹಂತ 9ರಲ್ಲಿ ತಪ್ಪುಗಳನ್ನೆಲ್ಲ ತೊಳೆದು ಆಮೇಲೆ 11ಕ್ಕೆ ಹೋಗಿ. ಒಂದೊಂದು ಹಂತ ಏರಿದಂತೆ ಹೆಜ್ಜೆ ಅರ್ಧವಾಗುತ್ತದೆ, ಎಲ್ಲ ಕಡೆ ಒಡೆದರೆ ಕೆಲಸ ಎಂಟು ಪಟ್ಟು.

ಒಂದೇ ಯಂತ್ರದ ಹಲವು ಕೋರ್‌ಗಳಿಗೆ ಓಪನ್‌ಎಂಪಿ, ಹಲವು ಯಂತ್ರಗಳಿಗೆ ಎಂಪಿಐ. ಎರಡಕ್ಕೂ ಕೋಡ್ ತಿದ್ದಬೇಕಿಲ್ಲ, ಕಂಪೈಲ್ ಆಯ್ಕೆ ಸಾಕು. ಪ್ರದೇಶ ಕತ್ತರಿಸುವ ‘ಮಾಸ್ಕ್’ ಎಂಪಿಐ ಜೊತೆ ನಡೆಯುವುದಿಲ್ಲ, ಅದರ ಗೊಡವೆಯೇ ಬೇಡ; ಗುಡ್ಡ ತಾನಾಗಿ ಒಣಗಿರುತ್ತದೆ. ಜಿಪಿಯು ಬೆಂಬಲ ಈಚೆಗೆ ಬಂದಿದ್ದರೂ ಅದು ಸಮಾನ ಜಾಲರಿಗೆ ಮಾತ್ರ. ನಿಂತಲ್ಲಿಂದ ಮತ್ತೆ ಶುರು ಮಾಡಲು ಬೇಕಾದ ‘ಡಂಪ್’ ಕಡತವನ್ನು ಲೆಕ್ಕದ ಪ್ರತಿ ಗಂಟೆಗೊಮ್ಮೆ ಉಳಿಸಿ. ಜೂನ್–ಜುಲೈನಲ್ಲಿ ಕರೆಂಟಿನ ಭರವಸೆ ಎಷ್ಟೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಫಲಿತಾಂಶವನ್ನು ನಕ್ಷೆ ತಂತ್ರಾಂಶ ಕ್ಯೂಜಿಐಎಸ್ ಓದುವ ಗ್ರಿಡ್ ಕಡತವಾಗಿ ಬರೆಸಬಹುದು, ಹೊರಗಿನವರಿಗೆ ತೋರಿಸಲು ಅದೇ ಅನುಕೂಲ.

ಸಹಾಯಪುಸ್ತಕವೆಂದು ಬೇರೆ ಇಲ್ಲ. ಕಡತಗಳ ಒಳಗೇ ಗಣಿತ, ವಿವರಣೆ, ಕೋಡ್ ಒಟ್ಟಿಗೆ ಹೆಣೆದಿದೆ. ಓದುವ ಅಭ್ಯಾಸವಿದ್ದವರಿಗೆ ಇದಕ್ಕಿಂತ ಪ್ರಾಮಾಣಿಕ ದಾಖಲೆ ಸಿಗದು. ಹುಡುಕಿ ಉತ್ತರ ತೆಗೆಯುವವರಿಗೆ ತ್ರಾಸು.

ಬಳಚು (ಚಿಪ್ಪುಜೀವಿ) ತೆಗೆಯುವ ಜಾಗಗಳಲ್ಲಿ ಉಪ್ಪಿನಂಶ ಎಷ್ಟೆಂದು ಕೇಳುವವರಿಗೆ ಸ್ಯಾಂ-ವೆನಾಂ ಸಾಲದು. ಕೆಳಗೆ ಉಪ್ಪುನೀರು, ಮೇಲೆ ಸಿಹಿನೀರು ಎಂಬ ಭೇದ ಸರಾಸರಿ ಆಳದಲ್ಲಿ ಅಳಿದುಹೋಗುತ್ತದೆ. ಅದಕ್ಕೆ ಇದರಲ್ಲೇ ಇರುವ ಪದರು ಮಾದರಿಗೆ ಹೋಗಬೇಕು, ಸಾಂದ್ರತೆಯ ಭಾಗವನ್ನು ಸೇರಿಸಿಕೊಳ್ಳಬೇಕು. ನೀರಿನ ಮಟ್ಟ, ಸೆಳವು, ಮುಳುಗಡೆಯ ಗೆರೆ ಇಷ್ಟೇ ಸಾಕಾದವರು, ಸಿ ಬಲ್ಲವರು, ಕೈಯಲ್ಲಿ ದೋಣಿ ಅಳತೆಯ ಆಳ ಇರುವವರು ಧೈರ್ಯವಾಗಿ ಹಿಡಿಯಬಹುದು. ಆಳದ ಅಳತೆ ಇಲ್ಲದವರು ಹಂತ 9ರ ಆಚೆ ಹೋಗುವುದು ವಿದ್ಯುತ್ ಬಿಲ್ಲಿಗೆ ಮಾತ್ರ ದಾರಿ.